ಬಯಕೆ ಪಟ್ಟಿಯಲ್ಲಿ ಬಂಡೆ ಇಲ್ಲ

ಬಂಡೆ ಹತ್ತುವಾಗ ಹಾಕುವ ಹಾರ್ನೆಸ್ಸಿನ ಸೊಂಟಪಟ್ಟಿ, ಸೊಂಟದ ಮೂಳೆಗಿಂತ ಮೇಲೆ ಬಿಗಿಯಾಗಿ ಕೂರಬೇಕು. ಅದು ಕೆಳಕ್ಕಿದ್ದು, ಬೀಳುವಾಗ ತಲೆಕೆಳಗಾದರೆ ಮನುಷ್ಯ ಹಾರ್ನೆಸ್ಸಿನಿಂದಲೇ ಜಾರಿ ಹೊರಗೆ ಬಂದುಬಿಡಬಹುದು. ಕ್ಲೈಂಬಿಂಗ್ ಕಲಿಯೋಕೆ ಹೋದವರಿಗೆ ಮೊದಲ ದಿನವೇ ಹೇಳಿಕೊಡುವ ಪಾಠ ಇದು. ನನ್ನ ಮೈಯಲ್ಲಿ ಆ ಪಟ್ಟಿ ಕೂರಬೇಕಾದ ಜಾಗದಲ್ಲಿ ಈಗ ಮಗು ಇದೆ. ಇಪ್ಪತ್ತೊಂದನೇ ವಾರ.

ಹಾಗಾಗಿ ನನ್ನ ಪ್ರಶ್ನೆ ಶುರುವಾದದ್ದು ಶಾಪಿಂಗ್ ಪ್ರಶ್ನೆಯಾಗಿ. ಬಸುರಿಗೆ ಆಗುವಂಥ ಹಾರ್ನೆಸ್ ಎಲ್ಲಿ ಸಿಗುತ್ತೆ? ಒಂದು ತಿಂಗಳು ಹುಡುಕುವಷ್ಟರಲ್ಲಿ ಅದು ಬೇರೆಯದೇ ಪ್ರಶ್ನೆಯಾಗಿ ಬೆಳೀತು. ಅದನ್ನ ಬರೆದಿಡೋಣ ಅಂತ ಕೂತಿದ್ದೀನಿ.

ನಾನು ಶಿಡ್ಲಘಟ್ಟದವಳು. ಕೆಲಸ ಬೆಂಗಳೂರಲ್ಲಿ, ಗಂಡನ ಊರು ಗೌರಿಬಿದನೂರು. ಏಳು ವರ್ಷದಿಂದ ಹತ್ತುತ್ತಿದ್ದೀನಿ. ವಾರದ ಮಧ್ಯೆ ಕಂಠೀರವ ಸ್ಟೇಡಿಯಮ್ಮಿನ ಕ್ಲೈಂಬಿಂಗ್ ಗೋಡೆ, ಭಾನುವಾರ ನಾಲ್ಕೈದು ಜನ ಸೇರಿ ಹಗ್ಗ ಹೊತ್ತುಕೊಂಡು ನಮ್ಮ ಚಿಕ್ಕಬಳ್ಳಾಪುರದ ಕಡೆ. 2007ರಲ್ಲಿ ನಮ್ಮ ಜಿಲ್ಲೆ ಕೋಲಾರದಿಂದ ಬೇರೆಯಾದಾಗ ಚಿನ್ನದ ಗಣಿ ಅವರಿಗೆ ಉಳೀತು, ಬಂಡೆ ಇಬ್ಬರಿಗೂ ಹಂಚಿಹೋಯ್ತು. ನಂದಿಯಿಂದ ಆವಲಬೆಟ್ಟದವರೆಗೆ, ಅತ್ತ ಚಿಂತಾಮಣಿಯ ಕೈವಾರ, ಅಂಬಾಜಿದುರ್ಗದವರೆಗೆ, ಎಲ್ಲಿ ನೋಡಿದರೂ ಕಲ್ಲು. ಹೊರಗಿನವರಿಗೆ ಬರಡು ಅನ್ನಿಸುತ್ತೆ. ನಮಗೆ ಅದೇ ಆಸ್ತಿ.

ಸಾಮಾನ್ಯ ಹಾರ್ನೆಸ್ ಅಂದರೆ ಒಂದು ಸೊಂಟಪಟ್ಟಿ, ಎರಡು ತೊಡೆಪಟ್ಟಿ. ಹೊಟ್ಟೆ ಬೆಳೆದ ಮೇಲೆ ಅದು ಆಗಲ್ಲ. ಬೇಕಾಗೋದು ಫುಲ್ ಬಾಡಿ ಹಾರ್ನೆಸ್: ಹೆಗಲ ಮೇಲಿಂದ ಪಟ್ಟಿ ಬರುತ್ತೆ, ಹಗ್ಗದ ಗಂಟು ಎದೆಯ ಹತ್ತಿರ ಬೀಳುತ್ತೆ, ಭಾರ ತೊಡೆ ಮತ್ತು ಹೆಗಲಿಗೆ ಹೋಗುತ್ತೆ, ಹೊಟ್ಟೆಯ ಮೇಲೆ ಅಡ್ಡಪಟ್ಟಿ ಒತ್ತಲ್ಲ. ಗಂಟು ಮೇಲಿರೋದರಿಂದ ತಲೆಕೆಳಗಾಗುವ ಸಾಧ್ಯತೆಯೂ ಕಮ್ಮಿ. ಹೊಟ್ಟೆ ಬಂದಾಗ ಮೈಯ ತೂಕ ಮುಂದಕ್ಕೆ, ಮೇಲಕ್ಕೆ ಸರಿದಿರುತ್ತೆ ನೋಡಿ, ಅದಕ್ಕೇ ಇದು ಮುಖ್ಯ. ಯುರೋಪಿನ ಇಎನ್ 12277 ಅನ್ನುವ ಮಾನದಂಡದಲ್ಲಿ ಇದಕ್ಕೆ 'ಟೈಪ್ ಎ' ಅಂತ ಹೆಸರು, ನಾವೆಲ್ಲ ಹಾಕೋದು 'ಟೈಪ್ ಸಿ'. ಪೆಟ್ಜಲ್ ಕಂಪನಿಯ 8003 ಅನ್ನೋದು ಟೈಪ್ ಎ. ಬಸುರಿಯರಿಗಂತಲೇ ಮ್ಯಾಡ್ ರಾಕ್ ಅನ್ನುವ ಕಂಪನಿ 'ಮೌಂಟನ್ ಮಾಮಾ' ಹೆಸರಲ್ಲಿ ಒಂದು ಮಾಡಿತ್ತು. ನಾನು ಹುಡುಕಿದ ಕಡೆ ಎಲ್ಲೂ ಅದು ಸ್ಟಾಕ್‌ನಲ್ಲಿ ಇರಲಿಲ್ಲ.

ಬೆಂಗಳೂರಿನ ಅಂಗಡಿಗಳಲ್ಲಿ ಫುಲ್ ಬಾಡಿ ಹಾರ್ನೆಸ್ ಕೇಳಿದರೆ ಥಟ್ಟನೆ ತೆಗೆದುಕೊಡ್ತಾರೆ. ಆದರೆ ಅದು ಕಟ್ಟಡದ ಕೆಲಸಗಾರರು, ಟವರ್ ಹತ್ತುವವರು ಹಾಕೋದು, ಐಎಸ್ 3521 ಮುದ್ರೆಯದು. ಅದರ ಮುಖ್ಯ ರಿಂಗ್ ಇರೋದು ಬೆನ್ನ ಹಿಂದೆ. ಕೆಲಸಗಾರನ ಎರಡೂ ಕೈ ಮುಂದೆ ಖಾಲಿ ಇರಬೇಕಲ್ವಾ, ಅದಕ್ಕೆ. ಬಿದ್ದರೆ ಮುಖ ಮುಂದಾಗಿ ನೇತಾಡ್ತಾರೆ. ಕ್ಲೈಂಬರಿಗೆ ಹಗ್ಗ ಎದುರಿಗೆ ಬೇಕು. "ಮೇಡಂ, ಸೈಟ್ ಎಲ್ಲಿ?" ಅಂತ ಅಂಗಡಿಯವರು ಕೇಳಿದರು. ನನ್ನ ಹೊಟ್ಟೆ ನೋಡಿ, ನಾನು ಸೈಟ್ ಎಂಜಿನಿಯರ್ ಅಂದುಕೊಂಡು, ಸಹಜವಾಗಿಯೇ ಕೇಳಿದರು. ಆ ಪ್ರಶ್ನೆ ತಲೆಯಲ್ಲಿ ಉಳೀತು. ಬಸುರಿ ಕೆಲಸಕ್ಕೆ ಅಂತ ಎತ್ತರ ಹತ್ತಿದರೆ ಅವರಿಗೆ ಆಶ್ಚರ್ಯ ಇಲ್ಲ.

ಕೊನೆಗೆ ಜರ್ಮನಿಯಲ್ಲಿರುವ ಗೆಳತಿಯೊಬ್ಬಳು ಒಂದು ಟೈಪ್ ಎ ಕಳಿಸಿಕೊಟ್ಟಳು. ಶೂ ಕೂಡ ಬದಲಾಯ್ತು. ಕಾಲು ಊದಿಕೊಳ್ಳುತ್ತೆ, ಹಳೇ ಬಿಗಿ ಶೂಗಳಿಗೆ ಪಾದ ಹೋಗಲ್ಲ, ಒಂದು ಸೈಜ್ ದೊಡ್ಡದು, ವೆಲ್ಕ್ರೋ ಇರೋದು ತಗೊಂಡೆ. ಬಗ್ಗಿ ಲೇಸ್ ಕಟ್ಟೋದು ಯಾವ ಓವರ್‌ಹ್ಯಾಂಗ್‌ಗೂ ಕಮ್ಮಿ ಇಲ್ಲ ಈಗ.

ಸಾಮಾನಿನ ಕಥೆ ಅಷ್ಟೇ. ಇನ್ನು ಜನರ ಕಥೆ.

ನಮ್ಮಲ್ಲಿ ಬಸುರಿಯ ಬಯಕೆಗೆ ಇರುವಷ್ಟು ಮರ್ಯಾದೆ ಹೆಂಗಸಿನ ಬೇರೆ ಯಾವ ಆಸೆಗೂ ಇಲ್ಲ. ಮಾವಿನಕಾಯಿ ಅಂದರೆ ಮಾವಿನಕಾಯಿ, ಹುಣಸೆಹಣ್ಣು ಅಂದರೆ ಹುಣಸೆಹಣ್ಣು. ರಾತ್ರಿ ಹನ್ನೊಂದಕ್ಕೆ ಗೋಬಿ ಮಂಚೂರಿ ಅಂದರೂ ಗಂಡ ಗಾಡಿ ತೆಗೀತಾನೆ. ಬಯಕೆ ತೀರಿಸದಿದ್ದರೆ ಮಗುವಿನ ಕಿವಿ ಸೋರುತ್ತೆ ಅಂತ ನಮ್ಮ ಅಜ್ಜಿ ಹೆದರಿಸೋರು. ನನ್ನ ಬಯಕೆ ಬಂಡೆ ಅಂದಾಗ ಮಾತ್ರ ಯಾರಿಗೂ ಮಗುವಿನ ಕಿವಿ ನೆನಪಾಗಲಿಲ್ಲ. ಬಾಯಲ್ಲಿ ಶುರುವಾಗಿ ಹೊಟ್ಟೆಯಲ್ಲಿ ಮುಗಿಯೋದು ಬಯಕೆ. ಕೈಕಾಲಿಗೆ ಬಂದರೆ ಅದಕ್ಕೆ ಹಟ ಅಂತ ಹೆಸರು.

ಅತ್ತೆ ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥದಲ್ಲಿ ಹರಕೆ ಹೊತ್ತಿದ್ದರು. ಮಕ್ಕಳಾಗಲಿ ಅಂತ ಜನ ತಲೆಮಾರುಗಳಿಂದ ಅಲ್ಲಿ ನಾಗರಕಲ್ಲು ಪ್ರತಿಷ್ಠೆ ಮಾಡಿಸ್ತಾ ಬಂದಿದ್ದಾರೆ, ಸಾಲುಸಾಲು ಕಲ್ಲು. ಮಗುವಿಗಾಗಿ ಕಲ್ಲು ನೆಡೋಕೆ ಒಪ್ಪುವವರು ಮಗು ಹೊತ್ತು ಕಲ್ಲು ಹತ್ತೋಕೆ ಯಾಕೆ ಒಪ್ಪಲ್ಲ ಅಂತ ಗಂಡನ ಹತ್ತಿರ ಜೋಕ್ ಮಾಡಿದೆ. ಅತ್ತೆಯ ಹತ್ತಿರ ಮಾಡಲಿಲ್ಲ. ಆ ಹರಕೆಯ ಹಿಂದೆ ಏನಿದೆ ಅಂತ ನಮ್ಮಿಬ್ಬರಿಗೂ ಗೊತ್ತು. ಅದಕ್ಕೆ ಆಮೇಲೆ ಬರ್ತೀನಿ.

ಮೊದಲು ಸೀರೆ ಗಾರ್ಡಿನ ವಿಷಯ. ಬೈಕಿನ ಹಿಂದಿನ ಚಕ್ರಕ್ಕೆ ಒಂದು ಜಾಲರಿ ಇರುತ್ತಲ್ವಾ, ಹುಡುಗರು ಬೈಕ್ ಕೊಂಡ ತಕ್ಷಣ ಚಂದ ಕಾಣಲ್ಲ ಅಂತ ಕಿತ್ತುಹಾಕ್ತಾರಲ್ಲ, ಅದು. ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮದಲ್ಲೇ ಇದೆ: ಹಿಂದೆ ಕೂತವರ ಬಟ್ಟೆ ಚಕ್ರಕ್ಕೆ ಸಿಕ್ಕದ ಹಾಗೆ ಚಕ್ರದ ಅರ್ಧದಷ್ಟಾದರೂ ಮುಚ್ಚುವ ರಕ್ಷಣೆ ಇರಬೇಕು, ಹಿಡಿದುಕೊಳ್ಳೋಕೆ ಹಿಡಿಕೆ ಇರಬೇಕು, ಕಾಲಿಡೋಕೆ ಜಾಗ ಇರಬೇಕು. ಸೀರೆಯುಟ್ಟ ಹೆಂಗಸು ಒಂದೇ ಕಡೆಗೆ ಕಾಲು ಹಾಕಿ ಕೂತು, ಮಡಿಲಲ್ಲಿ ಒಂದು ಮಗು, ಹೊಟ್ಟೆಯಲ್ಲಿ ಇನ್ನೊಂದು ಇಟ್ಟುಕೊಂಡು ಹೈದರಾಬಾದ್ ಹೈವೇಯಲ್ಲಿ ಹೋಗೋದು ಅಪಾಯ ಅಂತ ಎಲ್ಲರಿಗೂ ಗೊತ್ತು. ಆದರೂ 'ಬಸುರಿಯರು ಬೈಕ್ ಹತ್ತಬಾರದು' ಅಂತ ಯಾರೂ ನಿಯಮ ಮಾಡಲಿಲ್ಲ, ಜಾಲರಿ ಮಾಡಿದರು. ಕಾರಿನಲ್ಲೂ ಹಾಗೇ. ಸೀಟ್ ಬೆಲ್ಟಿನ ಕೆಳಪಟ್ಟಿಯನ್ನ ಹೊಟ್ಟೆಯ ಮೇಲೆ ಹಾಕದೆ ಕೆಳಗೆ, ಸೊಂಟದ ಮೂಳೆಗೆ ತಾಗುವ ಹಾಗೆ ಹಾಕಿಕೊಳ್ಳಿ ಅಂತ ಡಾಕ್ಟರು ಹೇಳ್ತಾರೆ. ಕಾರಲ್ಲಿ ಕೂರಬೇಡಿ ಅನ್ನಲ್ಲ. ವೋಲ್ವೊ ಕಂಪನಿ 2002ರಲ್ಲಿ ಬಸುರಿಯ ಮೈಯ ಕಂಪ್ಯೂಟರ್ ಮಾದರಿ ಮಾಡಿಕೊಂಡು ಅಪಘಾತದ ಪರೀಕ್ಷೆ ನಡೆಸಿತ್ತು.

ಯಾವ ಅಪಾಯ ಬದುಕಿನ ಭಾಗ ಅಂತ ಸಮಾಜ ಒಪ್ಪಿಕೊಂಡಿರುತ್ತೋ, ಅದಕ್ಕೆ ತಕ್ಕ ಸಾಮಾನು ಮಾಡುತ್ತೆ. ಒಪ್ಪದೇ ಇರೋದಕ್ಕೆ 'ಮನೇಲಿರು' ಅನ್ನುತ್ತೆ. ಅಂಗಡಿಯಲ್ಲಿ ನನ್ನ ಹಾರ್ನೆಸ್ ಇಲ್ಲದೇ ಇದ್ದದ್ದು ಬರೀ ಸ್ಟಾಕಿನ ಪ್ರಶ್ನೆ ಅಂತ ನನಗೀಗ ಅನ್ನಿಸಲ್ಲ. ನಾನು ಬಾಗಿಲು ತಟ್ಟೋಕೆ ಮುಂಚೆಯೇ ಯಾರೋ ನನ್ನ ಪರವಾಗಿ ತೀರ್ಮಾನ ಮಾಡಿ ಎದ್ದುಹೋಗಿದ್ದರು.

ನಮ್ಮೂರಲ್ಲಿ ಸಾಮಾನೂ ಇಲ್ಲದೆ ಒಪ್ಪಿಕೊಂಡ ಅಪಾಯಗಳೂ ಇವೆ. ಶಿಡ್ಲಘಟ್ಟ ಅಂದರೆ ರೇಷ್ಮೆ, ಗೂಡಿನ ಮಾರುಕಟ್ಟೆ. ನನ್ನ ಅಜ್ಜಿ ನೂಲು ಬಿಚ್ಚುವ ಘಟಕದಲ್ಲಿ ಕೆಲಸ ಮಾಡಿದವರು. ಕುದಿನೀರಲ್ಲಿ ಬೆಂದ ಗೂಡಿನಿಂದ ಎಳೆ ಹಿಡಿಯಬೇಕು, ಬೆರಳು ದಿನವಿಡೀ ಬಿಸಿನೀರಲ್ಲಿ, ಮೂಗಿಗೆ ಸತ್ತ ಹುಳುವಿನ ವಾಸನೆ, ನೆಲ ಯಾವಾಗಲೂ ಒದ್ದೆ. ನಮ್ಮಮ್ಮ ಹೊಟ್ಟೆಯಲ್ಲಿದ್ದಾಗ ಎಂಟು ತಿಂಗಳವರೆಗೆ ಹೋಗಿದ್ದಾರೆ. ಚಿಂತಾಮಣಿ ಕಡೆ ಟೊಮೇಟೊ ಬಿಡಿಸೋಕೆ, ನಮ್ಮ ಕಡೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊರೋಕೆ ಈಗಲೂ ಬಸುರಿಯರು ಹೋಗ್ತಾರೆ. ಅವರನ್ನ ಯಾರೂ ತಡೆದು "ಏನಮ್ಮಾ, ಮಗು ಬಗ್ಗೆ ಯೋಚನೆ ಇಲ್ವಾ?" ಅಂತ ಕೇಳಿದ್ದನ್ನ ನಾನು ಕಂಡಿಲ್ಲ. ಅಜ್ಜಿಯ ಅಪಾಯಕ್ಕೆ ಕೂಲಿ ಇತ್ತು, ನನ್ನದಕ್ಕೆ ಖುಷಿ ಬಿಟ್ಟರೆ ಏನಿಲ್ಲ, ಅದಕ್ಕೇ ನನ್ನದು ಕಣ್ಣಿಗೆ ಕುಕ್ಕುತ್ತೆ.

ಇದನ್ನ ಇಲ್ಲಿಗೇ ನಿಲ್ಲಿಸಿದರೆ ನನಗೆ ಅನುಕೂಲ. ಆದರೆ ಅಜ್ಜಿಯನ್ನ ನನ್ನ ವಾದಕ್ಕೆ ಹೀಗೆ ಬಳಸಿಕೊಳ್ಳೋದು ಅಷ್ಟು ಸರಿ ಅಲ್ಲ. ಅಜ್ಜಿಗೆ ಬೇರೆ ದಾರಿ ಇರಲಿಲ್ಲ, ನನಗಿದೆ. ಬೇರೆಯವರ ಬಸುರಿತನವನ್ನ ಜನ ನಿರ್ಲಕ್ಷಿಸ್ತಾರೆ ಅನ್ನೋದರಿಂದ ನಾನು ಮಾಡೋದು ಸರಿ ಅಂತ ಆಗಲ್ಲ. 'ನನ್ನ ದೇಹ, ನನ್ನ ಇಷ್ಟ' ಅನ್ನೋದೂ ಇಲ್ಲಿ ಪೂರ್ತಿ ಸಾಲಲ್ಲ. ಆ ಮಾತನ್ನ ನಾನು ಬಿಟ್ಟುಕೊಡಲ್ಲ, ಕಾನೂನಿನ ಮುಂದೆ ಅದೇ ಕೊನೆಯ ಮಾತಾಗಿರಬೇಕು. ಆದರೆ ರಾತ್ರಿ ಮಗ್ಗಲು ಬದಲಾಯಿಸಿ ಮಲಗಿದಾಗ ಒಳಗಿಂದ ಒಂದು ಒದೆ ಬೀಳುತ್ತಲ್ಲ, ಅದಕ್ಕೆ ಈ ವಾದ ಹೇಳೋಕಾಗಲ್ಲ. ಹಗ್ಗದಲ್ಲಿ ಇಬ್ಬರಿದ್ದೀವಿ, ಒಬ್ಬರನ್ನ ಮಾತ್ರ ಕೇಳಲಾಗಿದೆ.

ಡಾಕ್ಟರಮ್ಮನ ಹತ್ತಿರ ಹೋದಾಗ ಅವರು ಬೈಯಲಿಲ್ಲ, ಹಾರ್ನೆಸ್ ಮೇಜಿನ ಮೇಲಿಟ್ಟು ತೋರಿಸು ಅಂದರು. ಆಮೇಲೆ ನೇರವಾಗಿ ಹೇಳಿದರು. ಮೊದಲ ಹನ್ನೆರಡು ವಾರ ಗರ್ಭಕೋಶ ಸೊಂಟದ ಮೂಳೆಗಳ ನಡುವೆ ಅಡಗಿರುತ್ತೆ, ಆಮೇಲೆ ಮೇಲೆ ಬರುತ್ತೆ, ಆಗ ಅದಕ್ಕೆ ಮೂಳೆಯ ಗೋಡೆ ಇಲ್ಲ. ಹೊಟ್ಟೆಗೆ ಪೆಟ್ಟು ಬಿದ್ದರೆ ಮಾಸು ಗರ್ಭಕೋಶದಿಂದ ಬೇರ್ಪಡಬಹುದು, ಕೆಲವೊಮ್ಮೆ ಚಿಕ್ಕದು ಅನ್ನಿಸಿದ ಪೆಟ್ಟಿಗೂ. ಕೀಲುಗಳು ಸಡಿಲ ಆಗಿರುತ್ತವೆ, ಬ್ಯಾಲೆನ್ಸ್ ಬದಲಾಗಿರುತ್ತೆ. ಅಮೆರಿಕದ ಪ್ರಸೂತಿ ತಜ್ಞರ ಸಂಘ ಆರೋಗ್ಯವಂತ ಬಸುರಿಯರಿಗೆ ವಾರಕ್ಕೆ 150 ನಿಮಿಷ ವ್ಯಾಯಾಮ ಮಾಡಿ ಅನ್ನುತ್ತೆ, ಬೀಳುವ ಸಾಧ್ಯತೆ ಹೆಚ್ಚಿರುವ ಆಟ ಬೇಡ ಅನ್ನುತ್ತೆ. ಎತ್ತರದ ಚಿಂತೆ ಬೇಡ, ನಂದಿ 4,851 ಅಡಿ ಅಷ್ಟೇ. "ಬೀಳೋದನ್ನ ಲೆಕ್ಕ ಹಾಕು" ಅಂದರು.

ನಾನು ಲೆಕ್ಕ ಹಾಕಿದೆ. ಹೊರಗಿನವರಿಗೆ ಕ್ಲೈಂಬಿಂಗ್ ಅಂದರೆ ಒಂದೇ, ಒಳಗಿರುವವರಿಗೆ ಅದು ನಾಲ್ಕೈದು ಬೇರೆ ಬೇರೆ ಅಪಾಯಗಳ ಗುಂಪು. ಬೌಲ್ಡರಿಂಗ್‌ನಲ್ಲಿ ಹಗ್ಗವೇ ಇಲ್ಲ, ಪ್ರತಿ ಸಲ ಬಿದ್ದರೂ ನೆಲಕ್ಕೇ. ಅದನ್ನ ಪರೀಕ್ಷೆಯಲ್ಲಿ ಎರಡು ಗೆರೆ ಕಂಡ ದಿನವೇ ಬಿಟ್ಟೆ. ಲೀಡ್ ಹತ್ತುವಾಗ ಹಗ್ಗ ಕೆಳಗಿಂದ ಬರುತ್ತೆ, ಕೊನೆಯ ಬೋಲ್ಟಿಗಿಂತ ಎರಡು ಮೀಟರ್ ಮೇಲಿದ್ದರೆ ನಾಲ್ಕು ಮೀಟರಿಗೂ ಜಾಸ್ತಿ ಬೀಳ್ತೀವಿ, ಗೋಡೆಗೆ ಹೋಗಿ ಬಡೀತೀವಿ. ಅದೂ ಹೋಯ್ತು. ಟಾಪ್‌ರೋಪ್‌ನಲ್ಲಿ ಹಗ್ಗ ಮೇಲಿನ ಆಂಕರಿನಿಂದ ಇಳಿದಿರುತ್ತೆ, ಕೆಳಗಿರುವವರು ಸಡಿಲ ಬಿಡದೆ ಹಿಡಿದರೆ ಬೀಳೋದು ಅಂದರೆ ಹಗ್ಗ ಹಿಗ್ಗುವಷ್ಟು ಕೂತುಕೊಳ್ಳೋದು. ಇದು ಉಳೀತು.

ಎಲ್ಲಾ ಕಲ್ಲಿಗೂ ಅಲ್ಲ ಅನ್ನೋದು ಹತ್ತಿದ ಮೇಲೆ ಗೊತ್ತಾಯ್ತು. ನಮ್ಮ ಕಡೆಯ ಬಂಡೆ ಹೆಚ್ಚಾಗಿ ಸ್ಲ್ಯಾಬ್, ಆನೆಯ ಬೆನ್ನಿನ ಹಾಗೆ ಇಳಿಜಾರು. ಕೈಗೆ ಹಿಡಿತ ಇರಲ್ಲ, ಪಾದದ ಘರ್ಷಣೆಯಲ್ಲೇ ನಿಲ್ಲಬೇಕು. ನೋಡೋಕೆ ಇದೇ ಸುಲಭ, ಅಮ್ಮನಿಗೂ ಇದೇ ವಾಸಿ ಅನ್ನಿಸಿತ್ತು. ಆದರೆ ಸ್ಲ್ಯಾಬ್‌ನಲ್ಲಿ ಕಾಲು ಜಾರಿದರೆ ಗಾಳಿಗೆ ಬೀಳಲ್ಲ, ಕಲ್ಲಿಗೆ ಉಜ್ಜಿಕೊಂಡು ಜಾರ್ತೀವಿ, ಮುಂದೆ ಇರೋದು ಹೊಟ್ಟೆ. ನೇರ ಗೋಡೆ ಅಥವಾ ತುಸು ಹೊರಚಾಚಿದ ಗೋಡೆಯಲ್ಲಿ ಹಗ್ಗಕ್ಕೆ ಕೂತರೆ ಮೈ ಕಲ್ಲಿನಿಂದ ದೂರ ತೂಗುತ್ತೆ, ಹೊಟ್ಟೆಗೆ ಜಾಗ ಸಿಗುತ್ತೆ. ಅಂದರೆ ಭಯಂಕರವಾಗಿ ಕಾಣೋದು ಸುರಕ್ಷಿತ, ಸಾಧುವಾಗಿ ಕಾಣೋದು ಅಪಾಯ. ಇದನ್ನ ನೆಂಟರಿಗೆ ವಿವರಿಸೋಕೆ ಹೋಗಿಲ್ಲ. ನಂದಿಯ ಕಡೆಯ ನನ್ನ ಪ್ರೀತಿಯ ಸ್ಲ್ಯಾಬ್ ಹದಿನಾರನೇ ವಾರಕ್ಕೆ ನಿಲ್ಲಿಸಿದೆ. ತುಂಬಾ ಬೇಜಾರಾಯ್ತು.

ಹಾರ್ನೆಸ್ ನನ್ನನ್ನ ಹಿಡಿಯುತ್ತೆ. ಮೇಲಿಂದ ಉರುಳುವ ಕಲ್ಲನ್ನ ಹಿಡಿಯಲ್ಲ, ಜೇನಿನ ಹಿಂಡನ್ನ ಹಿಡಿಯಲ್ಲ, ಬೆಟ್ಟದ ಬುಡದಿಂದ ಆಸ್ಪತ್ರೆಗೆ ಇರುವ ದೂರವನ್ನ ಕಮ್ಮಿ ಮಾಡಲ್ಲ. ಒಳ್ಳೆ ಸಾಮಾನು ಸಿಕ್ಕಿದಾಗ ಒಂದು ಧೈರ್ಯ ಬರುತ್ತಲ್ಲ, ಅದನ್ನ ನಾನು ಅಷ್ಟಾಗಿ ನಂಬಲ್ಲ. ಸಾಮಾನು ಮಾಡಿದ ಉಪಕಾರ ಬೇರೆ: ಅಪಾಯವನ್ನ ಬಿಡಿಬಿಡಿಯಾಗಿ ನೋಡೋಕೆ ಕಲಿಸ್ತು. 'ಹತ್ತಬೇಕಾ ಬೇಡವಾ' ಅನ್ನುವ ಒಂದೇ ಗುಡ್ಡೆಯನ್ನ ಒಡೆದು, ಇದು ತೆಗೆಯಬಹುದು, ಇದು ತೆಗೆಯೋಕಾಗಲ್ಲ, ಇದು ಬಿಟ್ಟರೆ ನಾನು ಕಳೆದುಕೊಳ್ಳೋದು ಸ್ವಲ್ಪ, ಇದು ಬಿಟ್ಟರೆ ಎಲ್ಲವೂ ಹೋದ ಹಾಗೆ ಅಂತ ಬೇರೆ ಮಾಡಿಕೊಳ್ಳಬಹುದು. ಕೆಲಸ ಕೆಡದ ಹಾಗೆ ತೆಗೆಯಬಹುದಾದ ಅಪಾಯವನ್ನ ತೆಗೆಯದೇ ಇದ್ದರೆ ಅದು ತಪ್ಪು, ತಾಯಿ ಅಂತಲ್ಲ, ಯಾರು ಮಾಡಿದರೂ. ಅದೆಲ್ಲ ತೆಗೆದ ಮೇಲೂ ಒಂದಿಷ್ಟು ಉಳಿಯುತ್ತೆ. ಆ ಉಳಿದದ್ದನ್ನ ತೂಗೋದು ಯಾರು?

ಈಗ ಅತ್ತೆಯ ಹರಕೆಗೆ ಬರ್ತೀನಿ. ಎರಡು ವರ್ಷದ ಹಿಂದೆ ಒಂದು ನಿಲ್ಲಲಿಲ್ಲ. ಒಂಬತ್ತನೇ ವಾರ. ಆಗ ನಾನು ಹತ್ತುತ್ತಲೇ ಇರಲಿಲ್ಲ, ಮೊಣಕಾಲು ನೋವಿಗೆ ನಾಲ್ಕು ತಿಂಗಳಿಂದ ರೆಸ್ಟ್. ಮೊದಲ ಮೂರು ತಿಂಗಳಲ್ಲಿ ಹೋಗುವ ಗರ್ಭಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ವರ್ಣತಂತುಗಳ ಏರುಪೇರೇ ಕಾರಣ, ತಾಯಿ ಏನು ಮಾಡಿದಳು ಅನ್ನೋದಲ್ಲ. ಡಾಕ್ಟರು ಅದನ್ನ ಎರಡೆರಡು ಸಲ ಹೇಳಿದರು. ಆದರೂ ನೋಡೋಕೆ ಬಂದವರು ಕೇಳಿದ್ದು: "ಪಪ್ಪಾಯಿ ತಿಂದ್ಯಾ?" "ಸ್ಕೂಟರ್ ಓಡಿಸಿದ್ಯಾ?" "ಲ್ಯಾಪ್‌ಟಾಪ್ ತೊಡೆ ಮೇಲೆ ಇಟ್ಕೊಂಡಿದ್ಯಾ?" ಕಾರಣ ಬೇಕಿತ್ತು, ಕೈಗೆ ಸಿಕ್ಕಿದ್ದು ನಾನು. ಅವತ್ತು ನನಗೆ ಒಂದು ಅರ್ಥವಾಯ್ತು. ನಾನು ಹಾಸಿಗೆ ಬಿಟ್ಟು ಏಳದೇ ಇದ್ದರೂ ಆರೋಪ ಬರುತ್ತೆ. ಹಾಗಿದ್ದ ಮೇಲೆ ಆರೋಪ ತಪ್ಪಿಸಿಕೊಳ್ಳೋದು ನನ್ನ ತೀರ್ಮಾನಕ್ಕೆ ಆಧಾರ ಆಗೋಕಾಗಲ್ಲ. ಆಧಾರ ಮಗು, ಮತ್ತೆ ನಾನು. ಅಷ್ಟೇ.

ಅಲಿಸನ್ ಹಾರ್ಗ್ರೀವ್ಸ್ ಅನ್ನುವ ಬ್ರಿಟಿಷ್ ಪರ್ವತಾರೋಹಿ 1988ರಲ್ಲಿ ಸುಮಾರು ಆರು ತಿಂಗಳ ಬಸುರಿಯಾಗಿದ್ದಾಗ ಆಲ್ಪ್ಸ್‌ನ ಐಗರ್ ಉತ್ತರಮುಖ ಹತ್ತಿದ್ದಳು. ನಾನು ಅದನ್ನ ಮಾಡಲ್ಲ. ಅಲ್ಲಿ ಕಲ್ಲು ಬೀಳುತ್ತೆ, ಹಿಮ ಬೀಳುತ್ತೆ, ನನ್ನ ಪಟ್ಟಿಯ ಪ್ರಕಾರ 'ತೆಗೆಯೋಕಾಗದ್ದು' ತುಂಬಾ. ಆದರೆ ಅವಳು ನನಗಿಂತ ಎಷ್ಟೋ ಪಟ್ಟು ನುರಿತವಳು, ಅವಳ ತೂಕ ನನ್ನ ತಕ್ಕಡಿಯಲ್ಲಿ ಹಾಕೋಕೆ ನಾನು ಯಾರು. 1995ರಲ್ಲಿ ಆಮ್ಲಜನಕದ ಸಿಲಿಂಡರ್ ಇಲ್ಲದೆ ಎವರೆಸ್ಟ್ ಹತ್ತಿದಳು, ಅದೇ ಆಗಸ್ಟಿನಲ್ಲಿ ಕೆ2 ಇಳಿಯುವಾಗ ಬಿರುಗಾಳಿಗೆ ಸಿಕ್ಕಿ ಸತ್ತಳು. ಇಬ್ಬರು ಮಕ್ಕಳನ್ನ ಬಿಟ್ಟು ಹೋದ ತಾಯಿ ಅಂತ ಪತ್ರಿಕೆಗಳು ಅವಳನ್ನ ವಿಚಾರಣೆಗೆ ನಿಲ್ಲಿಸಿದವು. ಬೆಟ್ಟದಲ್ಲಿ ಸಾಯುವ ತಂದೆಯರಿಗೆ ಶ್ರದ್ಧಾಂಜಲಿ ಬರೀತಾರೆ. ಐಗರ್ ಹತ್ತುವಾಗ ಅವಳ ಹೊಟ್ಟೆಯಲ್ಲಿದ್ದ ಮಗ ಟಾಮ್ ಬ್ಯಾಲರ್ಡ್ ಮುಂದೆ ದೊಡ್ಡ ಪರ್ವತಾರೋಹಿಯಾಗಿ 2019ರಲ್ಲಿ ನಂಗಾ ಪರ್ಬತ್‌ನಲ್ಲಿ ತೀರಿಕೊಂಡ. ಇದನ್ನ ಹೇಳಿದರೆ "ನೋಡಿದ್ಯಾ!" ಅನ್ನೋರು ಇರ್ತಾರೆ. ಏನು ನೋಡಬೇಕು? ಮೂವತ್ತು ವರ್ಷ ದಾಟಿದ ಗಂಡಸು ತನ್ನ ಬದುಕನ್ನ ತಾನು ಬದುಕಿದ್ದ.

ನಮ್ಮ ದೇಶದ ಕಾನೂನು ಈ ತೂಗುವ ಕೆಲಸವನ್ನ ಯಾರಿಗೆ ಕೊಟ್ಟಿದೆ ಅಂತ ಹುಡುಕಿದಾಗ ಒಂದು ಚಿಕ್ಕ ಪದ ಸಿಕ್ಕಿತು. 2025ರವರೆಗೆ ಜಾರಿಯಲ್ಲಿದ್ದ 1961ರ ಹೆರಿಗೆ ಸೌಲಭ್ಯ ಕಾಯ್ದೆಯ ನಾಲ್ಕನೇ ಸೆಕ್ಷನ್: ಹೆರಿಗೆ ಹತ್ತಿರ ಬಂದಾಗ ಬಸುರಿಯಿಂದ ತ್ರಾಸದ ಕೆಲಸ, ಬಹಳ ಹೊತ್ತು ನಿಲ್ಲುವ ಕೆಲಸ ಮಾಡಿಸಬಾರದು, ಅವಳು ಕೋರಿಕೊಂಡರೆ. ಅವಳು ಕೋರಿಕೊಂಡರೆ! ಅರವತ್ತು ವರ್ಷದ ಹಿಂದಿನ ಸರ್ಕಾರಿ ಭಾಷೆಯಲ್ಲಿ ಆ ಷರತ್ತು ನೋಡಿ ನನಗೆ ಕಾಫಿ ಕುಡಿದಷ್ಟು ಖುಷಿಯಾಯ್ತು. ಇದರ ಪಕ್ಕಕ್ಕೆ ಸ್ಟೇಟ್ ಬ್ಯಾಂಕಿನ ಸುತ್ತೋಲೆ ಇಡಿ. ಮೂರು ತಿಂಗಳು ದಾಟಿದ ಬಸುರಿಯರು 'ತಾತ್ಕಾಲಿಕವಾಗಿ ಅನರ್ಹರು', ಹೆರಿಗೆಯಾದ ಮೇಲೆ ಕೆಲಸಕ್ಕೆ ಸೇರಲಿ ಅಂತ ಅದರಲ್ಲಿತ್ತು. ಗಲಾಟೆಯಾಗಿ 2022ರ ಜನವರಿಯಲ್ಲಿ ತಡೆಹಿಡಿದರು. ಕಾಳಜಿ ಅನ್ನೋದು ಅವಳನ್ನ ಕೇಳಿದರೆ ಒಂದು ಥರ, ಕೇಳದಿದ್ದರೆ ಇನ್ನೊಂದು ಥರ.

ಕೈವಾರದಲ್ಲಿ ಭೀಮ ಬಕಾಸುರನನ್ನ ಕೊಂದ ಅಂತ ನಮ್ಮ ಕಡೆ ಪ್ರತೀತಿ. ಆ ಭೀಮ ಹಸುಗೂಸಾಗಿದ್ದಾಗ, ಹುಲಿಗೆ ಹೆದರಿ ಕುಂತಿ ಗಾಬರಿಯಿಂದ ಎದ್ದಳು, ಮಡಿಲಲ್ಲಿದ್ದ ಮಗು ಬೆಟ್ಟದಿಂದ ಬಿತ್ತು, ಬಂಡೆಯೇ ಪುಡಿಯಾಯ್ತು ಅಂತ ಮಹಾಭಾರತದಲ್ಲಿ ಕಥೆಯಿದೆ. ಕೂಸು ಕಟ್ಟಿಕೊಂಡು ಬೆಟ್ಟಕ್ಕೆ ಯಾಕೆ ಹೋದೆ ಅಂತ ಕುಂತಿಯನ್ನ ಯಾರಾದರೂ ಬೈದರಾ ಅಂತ ಅಮ್ಮನನ್ನ ಕೇಳಿದೆ. "ಅವಳ ಮಗ ಭೀಮ ಕಣೇ, ನಿನ್ನದು ಎಂಥದೋ ಯಾರಿಗ್ಗೊತ್ತು" ಅಂದಳು.

ಆಮೇಲೆ ಹಾರ್ನೆಸ್ ಕೈಗೆ ತಗೊಂಡು, ಹೊಲಿಗೆ ಹೊಲಿಗೆಯನ್ನೂ ಬೆರಳಲ್ಲಿ ಎಳೆದು ನೋಡಿದಳು. ನೂಲಿನ ಮನೆಯವಳು. ಬೇರೆ ಎಲ್ಲರೂ 'ಯಾಕೆ' ಅಂತ ಕೇಳಿದ್ದರು. ಅಮ್ಮ ಕೇಳಿದ್ದು, "ಕೆಳಗೆ ಹಗ್ಗ ಹಿಡ್ಕೊಳ್ಳೋರು ಯಾರು?" ಏಳು ವರ್ಷದಿಂದ ಜೊತೆಗಿರುವ ಗೆಳತಿ, ಗಂಡ ಅಲ್ಲ ಅಂದೆ. ಅವನು ಕೈ ನಡುಗಿಸ್ತಾನೆ ಅಂತ ಅವಳಿಗೂ ಗೊತ್ತು. ಮತ್ತೆ ನೀನು ಅವಳದ್ದು ಹಿಡೀತೀಯಾ ಅಂದಳು. ಹಿಡಿಯಲ್ಲ. ಮೇಲಿರುವವರು ಜೋರಾಗಿ ಬಿದ್ದರೆ ಕೆಳಗಿರುವವರನ್ನ ಹಗ್ಗ ಎಳೆದು ಎತ್ತಿಬಿಡುತ್ತೆ, ಗೋಡೆಗೆ ತಾಗಬಹುದು. ಹತ್ತೋದಕ್ಕಿಂತ ಅದೇ ಅಪಾಯ ನನಗೀಗ. ಅಮ್ಮ ತಲೆಯಾಡಿಸಿದಳು. ಒಪ್ಪಿದಳು ಅಂತ ನಾನು ಹೇಳಲ್ಲ.

ಈಗ ವಾರಕ್ಕೊಂದು ದಿನ, ಕಂಠೀರವದ ಗೋಡೆ, ಟಾಪ್‌ರೋಪ್, ಮೂರು ಸಲ ಹತ್ತಿದರೆ ಮುಗೀತು. ಮೊದಲು ಬೆಚ್ಚಗಾಗೋಕೆ ಹತ್ತುತ್ತಿದ್ದ ಸುಲಭದ ದಾರಿಯಲ್ಲೇ ಏದುಸಿರು ಬರುತ್ತೆ. ಸೀಮಂತ ಮುಂದಿನ ತಿಂಗಳು ಗೌರಿಬಿದನೂರಲ್ಲಿ. ಆವತ್ತು ತೊಡಿಸಿದ ಹಸಿರು ಗಾಜಿನ ಬಳೆ ಹೆರಿಗೆಯವರೆಗೂ ತೆಗೆಯೋ ಹಾಗಿಲ್ಲ ಅಂತ ಅತ್ತೆ ಮೊದಲೇ ಹೇಳಿಬಿಟ್ಟಿದ್ದಾರೆ, ಗಾಜಿನ ಬಳೆ ಹಾಕಿಕೊಂಡು ಹತ್ತೋಕಾಗಲ್ಲ ಅನ್ನೋದು ಅವರಿಗೂ ಚೆನ್ನಾಗಿ ಗೊತ್ತು. ಅಷ್ಟರೊಳಗೆ ನಾಲ್ಕು ಶನಿವಾರ ಇವೆ. ಎದೆಪಟ್ಟಿಯನ್ನ ನಿನ್ನೆ ಇನ್ನೊಂದು ಇಂಚು ಸಡಿಲ ಮಾಡಿದೆ.